ಕ್ಯಾನ್ಸರ್ ಮಾತ್ರೆಯಿಂದ ಕೂದಲು ತೆಳುವಾದಾಗ: ಶ್ರಾವಕ ಕುಟುಂಬಗಳು ತಿಳಿದಿರಬೇಕಾದ ಸಂಗತಿಗಳು

ಸ್ತನ ಕ್ಯಾನ್ಸರಿನ ಆಪರೇಷನ್, ಕೀಮೋ, ರೇಡಿಯೇಷನ್ ಎಲ್ಲ ಮುಗಿದ ಮೇಲೂ ಅನೇಕ ಮಹಿಳೆಯರಿಗೆ ಡಾಕ್ಟರು ದಿನಕ್ಕೊಂದು ಹಾರ್ಮೋನ್ ಮಾತ್ರೆ ಬರೆದುಕೊಡುತ್ತಾರೆ. ಟಾಮೊಕ್ಸಿಫೆನ್, ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಇವು ಸಾಮಾನ್ಯವಾಗಿ ಕೇಳಿಬರುವ ಹೆಸರುಗಳು. ಈ ಮಾತ್ರೆಯನ್ನು 5 ವರ್ಷ, ಕೆಲವರು 10 ವರ್ಷದವರೆಗೂ ತೆಗೆದುಕೊಳ್ಳಬೇಕಾಗುತ್ತದೆ. ಮನೆಯವರ ಲೆಕ್ಕದಲ್ಲಿ ಕಾಯಿಲೆ ಮುಗಿಯಿತು. ಆದರೆ ಕೆಲವರಿಗೆ ಬಾಚಣಿಗೆಯಲ್ಲಿ ಕೂದಲು ಹೆಚ್ಚು ಬರತೊಡಗುತ್ತದೆ, ಬೈತಲೆ ಅಗಲವಾಗುತ್ತದೆ, ಜಡೆ ಸಣ್ಣದಾಗುತ್ತದೆ. ಇದನ್ನು ಯಾರಿಗೂ ಹೇಳದೆ ಮಾತ್ರೆಯನ್ನೇ ನಿಲ್ಲಿಸಿಬಿಡುವವರಿದ್ದಾರೆ. ನಿಜವಾದ ಅಪಾಯ ಅಲ್ಲಿದೆ. ಕಾಯಿಲೆ ಮರಳುವ ಸಂಭವವನ್ನು ಬಹಳ ಮಟ್ಟಿಗೆ ಕಡಿಮೆ ಮಾಡುವುದೇ ಈ ಮಾತ್ರೆ.

ಕೀಮೋ ಬೇರೆ, ಮಾತ್ರೆ ಬೇರೆ

ಕೀಮೋ ಔಷಧ ವೇಗವಾಗಿ ಬೆಳೆಯುವ ಜೀವಕೋಶಗಳನ್ನು ಹೊಡೆಯುತ್ತದೆ. ಕೂದಲ ಬುಡದ ಕೋಶಗಳೂ ವೇಗವಾಗಿ ಬೆಳೆಯುವಂಥವು. ಆದ್ದರಿಂದ ಡಾಕ್ಸೊರುಬಿಸಿನ್, ಪ್ಯಾಕ್ಲಿಟ್ಯಾಕ್ಸೆಲ್ ಮೊದಲಾದ ಔಷಧ ಪಡೆದವರಿಗೆ ಮೊದಲ ಡೋಸ್ ಆದ 2-3 ವಾರಕ್ಕೆ ಕೂದಲು ಗೊಂಚಲು ಗೊಂಚಲಾಗಿ ಉದುರುತ್ತದೆ. ಚಿಕಿತ್ಸೆ ಮುಗಿದ ಮೇಲೆ ಬಹುತೇಕರಿಗೆ ಮತ್ತೆ ಹುಟ್ಟುತ್ತದೆ.

ಹಾರ್ಮೋನ್ ಮಾತ್ರೆಯ ರೀತಿ ಬೇರೆ. ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನು ಕೂದಲನ್ನು ಹೆಚ್ಚು ಕಾಲ ಬೆಳೆಯುವ ಹಂತದಲ್ಲಿ ಇಡುತ್ತದೆ. ಅದೇ ಹಾರ್ಮೋನು ಕೆಲವು ಬಗೆಯ ಸ್ತನ ಕ್ಯಾನ್ಸರಿಗೆ ಆಹಾರವೂ ಆಗುತ್ತದೆ. ಮಾತ್ರೆ ಅದನ್ನು ತಡೆಯುತ್ತದೆ, ಇಲ್ಲವೇ ಕಡಿಮೆ ಮಾಡುತ್ತದೆ. ಕೂದಲು ತೆಳುವಾಗುವುದು ಇದರಿಂದಲೇ. ಇಲ್ಲಿ ತಲೆ ಬೋಳಾಗುವುದು ಅಪರೂಪ. ನಡುನೆತ್ತಿ ಮತ್ತು ಬೈತಲೆಯ ಸುತ್ತ ನಿಧಾನವಾಗಿ ತೆಳುವಾಗುತ್ತದೆ. ನೋಡುವವರಿಗೆ ಅಷ್ಟಾಗಿ ಕಾಣಿಸದಿದ್ದರೂ ಕನ್ನಡಿಯ ಮುಂದೆ ನಿಂತವರಿಗೆ ದಿನವೂ ಕಾಣುತ್ತದೆ.

ಮೊದಲು ಮಾಡಬೇಕಾದದ್ದು

ಮುಂದಿನ ಸಲ ಕ್ಯಾನ್ಸರ್ ಡಾಕ್ಟರ ಬಳಿ ಹೋದಾಗ ಈ ವಿಷಯವನ್ನು ಬಾಯಿಬಿಟ್ಟು ಹೇಳಬೇಕು. ಇದು ಅಲಂಕಾರದ ಮಾತು ಎಂದು ಸಂಕೋಚಪಡಬೇಕಾಗಿಲ್ಲ. ಥೈರಾಯ್ಡ್ ತೊಂದರೆ, ರಕ್ತಹೀನತೆ, ಕಬ್ಬಿಣದ ಕೊರತೆ ಇದ್ದರೂ ಕೂದಲು ಉದುರುತ್ತದೆ. ಶುದ್ಧ ಸಸ್ಯಾಹಾರಿಗಳಲ್ಲಿ ಬಿ-12 ಕಡಿಮೆ ಇರುವುದು ಸಾಮಾನ್ಯ. ಒಂದು ರಕ್ತ ಪರೀಕ್ಷೆಯಿಂದ ಇವೆಲ್ಲ ತಿಳಿಯುತ್ತವೆ. ಕೆಲವರಿಗೆ ಡಾಕ್ಟರು ಬೇರೆ ಮಾತ್ರೆಗೆ ಬದಲಾಯಿಸುವುದೂ ಉಂಟು. ತಲೆಗೆ ಹಚ್ಚುವ ಮಿನಾಕ್ಸಿಡಿಲ್ ಎಂಬ ಔಷಧವಿದೆ. ಅದನ್ನೂ ಡಾಕ್ಟರನ್ನು ಕೇಳಿಯೇ ಹಚ್ಚಬೇಕು. ಗುಣ ಕಾಣಲು ಕೆಲವು ತಿಂಗಳು ಬೇಕು, ಬಿಟ್ಟರೆ ಮತ್ತೆ ಮೊದಲಿನಂತಾಗುತ್ತದೆ.

ರಾತ್ರಿ ಆಹಾರ ತ್ಯಾಗ ಮಾಡಿದವರು, ಚೌವಿಹಾರ ಪಾಲಿಸುವವರು ಮಾತ್ರೆ ಹೊತ್ತಿನ ಚಿಂತೆ ಮಾಡುತ್ತಾರೆ. ಮೇಲೆ ಹೇಳಿದ ಮಾತ್ರೆಗಳು ದಿನಕ್ಕೊಮ್ಮೆ, ನಿತ್ಯ ಒಂದೇ ಹೊತ್ತಿಗೆ ತೆಗೆದುಕೊಳ್ಳುವಂಥವು. ಡಾಕ್ಟರಿಗೆ ತಿಳಿಸಿ ಬೆಳಗಿನ ಹೊತ್ತಿಗೆ ಇಟ್ಟುಕೊಂಡರೆ ನಿಯಮಕ್ಕೂ ಅಡ್ಡಿಯಿಲ್ಲ, ಮಾತ್ರೆಯೂ ತಪ್ಪುವುದಿಲ್ಲ. ದಶಲಕ್ಷಣ ಪರ್ವದಲ್ಲಿ ಉಪವಾಸ ಮಾಡಬೇಕೆನ್ನುವವರೂ ಮೊದಲು ಡಾಕ್ಟರನ್ನು ಕೇಳಬೇಕು.

ಕೊಳ್ಳುವ ಮುಂಚೆ ನೋಡಬೇಕಾದದ್ದು

ಕೂದಲಿಗೆಂದು ಮಾರುವ ಬಯೋಟಿನ್ ಕ್ಯಾಪ್ಸೂಲ್, ಜೆಲ್ಲಿಯಂತೆ ಅಗಿಯುವ ಮಾತ್ರೆ ಇವುಗಳಲ್ಲಿ ಹಲವು ಜೆಲಾಟಿನ್‌ನಿಂದ ಮಾಡಿದವು. ಜೆಲಾಟಿನ್ ತಯಾರಾಗುವುದು ಪ್ರಾಣಿಗಳ ಮೂಳೆ ಮತ್ತು ಚರ್ಮದಿಂದ. ಕೊಲಾಜೆನ್ ಕೂಡ ಪ್ರಾಣಿಜನ್ಯವೇ. ಡಬ್ಬಿಯ ಮೇಲೆ ಹಸಿರು ಗುರುತು ಇದೆಯೇ ನೋಡಬೇಕು, ಇಲ್ಲದಿದ್ದರೆ ಮೆಡಿಕಲ್ ಅಂಗಡಿಯಲ್ಲಿ ಕೇಳಬೇಕು. ಇನ್ನೊಂದು ಎಚ್ಚರಿಕೆ: ಬಯೋಟಿನ್ ಹೆಚ್ಚು ತೆಗೆದುಕೊಂಡರೆ ಥೈರಾಯ್ಡ್ ಮತ್ತಿತರ ಕೆಲವು ರಕ್ತ ಪರೀಕ್ಷೆಗಳ ಫಲಿತಾಂಶ ತಪ್ಪಾಗಿ ಬರುತ್ತದೆ. ಊಟದಲ್ಲಿ ಬೇಳೆ, ಹೆಸರುಕಾಳು, ಹಾಲು, ರಾಗಿ, ಎಳ್ಳು ಸರಿಯಾಗಿದ್ದು ಕೊರತೆ ಏನೂ ಇಲ್ಲದವರಿಗೆ ಈ ಖರ್ಚಿನಿಂದ ಹೆಚ್ಚಿನ ಲಾಭವಿಲ್ಲ. ಗಿಡಮೂಲಿಕೆ ಎಂದು ಹೇಳಿ ಹೊಟ್ಟೆಗೆ ಕೊಡುವ ಪುಡಿ, ಲೇಹ್ಯಗಳನ್ನು ಕ್ಯಾನ್ಸರ್ ಡಾಕ್ಟರಿಗೆ ತೋರಿಸದೆ ಸೇವಿಸಬಾರದು.

ಕ್ಯಾನ್ಸರ್ ಮಾತ್ರೆಯಲ್ಲೇ ಪ್ರಾಣಿಜನ್ಯ ವಸ್ತು ಇರಬಹುದೆಂಬ ಅನುಮಾನ ಬಂದರೆ ಡಾಕ್ಟರನ್ನೋ ಔಷಧ ಕೊಡುವವರನ್ನೋ ಕೇಳಬೇಕು. ಅನುಮಾನದ ಮೇಲೆ ಮಾತ್ರೆ ನಿಲ್ಲಿಸಬಾರದು.

ದಿನನಿತ್ಯದ ಆರೈಕೆ

ಅಗಲ ಹಲ್ಲಿನ ಬಾಚಣಿಗೆ, ಉಗುರುಬೆಚ್ಚಗಿನ ನೀರು, ಸೌಮ್ಯವಾದ ಶಾಂಪೂ ಸಾಕು. ಒದ್ದೆ ಕೂದಲನ್ನು ಎಳೆದು ಬಾಚಬಾರದು, ತುರುಬು ಬಿಗಿಯಾಗಿ ಕಟ್ಟಬಾರದು. ಕೂದಲು ನೇರ ಮಾಡಿಸುವುದು, ಬಿಸಿ ಗಾಳಿ, ಕಟುವಾದ ಬಣ್ಣ ಇವನ್ನು ಬಿಡುವುದು ಒಳ್ಳೆಯದು. ಕೂದಲು ಸ್ವಲ್ಪ ಗಿಡ್ಡ ಮಾಡಿಸಿದರೆ ದಟ್ಟವಾಗಿ ಕಾಣುತ್ತದೆ. ಬೈತಲೆಯ ಜಾಗ ಬದಲಿಸಿದರೂ ವ್ಯತ್ಯಾಸ ಗೊತ್ತಾಗುತ್ತದೆ. ರೇಷ್ಮೆಯ ದಿಂಬಿನ ಹೊದಿಕೆ ಬಳಸಿ ಎಂದು ಹಲವರು ಹೇಳುತ್ತಾರೆ. ಹುಳುಗಳ ಹಿಂಸೆಯ ಕಾರಣ ರೇಷ್ಮೆ ಬೇಡವೆನ್ನುವವರಿಗೆ ಕೃತಕ ನೂಲಿನ ಸ್ಯಾಟಿನ್ ಬಟ್ಟೆ ಅದೇ ಕೆಲಸ ಮಾಡುತ್ತದೆ. ವಿಗ್ ಬೇಕೆನಿಸಿದರೆ ಕೃತಕ ನೂಲಿನದೂ ಸಿಗುತ್ತದೆ, ಮನುಷ್ಯರ ಕೂದಲಿನದೂ ಸಿಗುತ್ತದೆ. ಕೃತಕದ್ದು ಕಡಿಮೆ ಬೆಲೆ. ಬಸದಿಗೆ ಹೋಗುವಾಗ ತಲೆಯ ಮೇಲೆ ಸೆರಗು ಇದ್ದರೂ ಆಯಿತು.

ಇದು ಕೇಶಲೋಚವಲ್ಲ

ಸಮಾಧಾನ ಹೇಳುವ ಭರದಲ್ಲಿ ಕೆಲವರು "ಮುನಿಗಳು ಕೇಶಲೋಚ ಮಾಡಿಕೊಳ್ಳುವುದಿಲ್ಲವೇ, ಹಾಗೆಂದುಕೊಳ್ಳಿ ಅಕ್ಕಾ" ಎನ್ನುತ್ತಾರೆ. ಕೇಶಲೋಚ ದಿಗಂಬರ ಮುನಿಗಳ 28 ಮೂಲಗುಣಗಳಲ್ಲಿ ಒಂದು. ಎರಡರಿಂದ ನಾಲ್ಕು ತಿಂಗಳಿಗೊಮ್ಮೆ, ಉಪವಾಸವಿದ್ದು, ತಮ್ಮ ಕೈಯಿಂದಲೇ ಕೂದಲು ಕಿತ್ತುಕೊಳ್ಳುತ್ತಾರೆ. ಅದು ದೇಹದ ಮೋಹ ಬಿಡಲು ತಾವಾಗಿ ಸ್ವೀಕರಿಸಿದ ವ್ರತ. ಔಷಧದಿಂದ ಕೂದಲು ಹೋಗುವುದನ್ನು ಯಾವ ತಾಯಿಯೂ ಕೇಳಿ ಪಡೆದಿಲ್ಲ. ದೇಹ ಬೇರೆ, ಆತ್ಮ ಬೇರೆ ಎಂಬ ಭಾವನೆಯಿಂದ ಆಕೆಗೆ ಶಾಂತಿ ಸಿಕ್ಕಿದರೆ ಅದು ಆಕೆಯ ಪುಣ್ಯ. ಇನ್ನೊಬ್ಬರು ಅದನ್ನು ಹೇರಿದರೆ ಚುಚ್ಚುಮಾತಾಗುತ್ತದೆ. "ಎಲ್ಲ ಕರ್ಮಫಲ" ಎನ್ನುವುದೂ ಹಾಗೆಯೇ. ಕರ್ಮಸಿದ್ಧಾಂತ ತನ್ನನ್ನು ತಾನು ತಿದ್ದಿಕೊಳ್ಳಲು ಇರುವುದು, ರೋಗಿಯ ಮನೆಯಲ್ಲಿ ಕುಳಿತು ತೀರ್ಪು ಕೊಡಲು ಅಲ್ಲ.

ನಮ್ಮ ಧರ್ಮ ನಾಲ್ಕು ದಾನಗಳಲ್ಲಿ ಔಷಧ ದಾನವನ್ನೂ, ತಪಸ್ಸುಗಳಲ್ಲಿ ವೈಯಾವೃತ್ಯವನ್ನೂ ಎಣಿಸಿದೆ. ಆಸ್ಪತ್ರೆಗೆ ಜೊತೆಗೆ ಹೋಗುವುದು, ಮಾತ್ರೆ ಮುಗಿಯುವ ಮೊದಲೇ ತಂದಿಡುವುದು, ಡಾಕ್ಟರಿಗೆ ಕೇಳಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಡುವುದು, ಇವೆಲ್ಲ ಅದರಲ್ಲೇ ಸೇರುತ್ತವೆ. ಸಮಾಜದ ಮನೆಗಳಲ್ಲಿ ಇಂಥ ಚಿಕಿತ್ಸೆಯಲ್ಲಿರುವವರಿದ್ದರೆ "ಕೂದಲು ಯಾಕೆ ಹೀಗಾಯಿತು" ಎಂದು ಕೇಳುವ ಬದಲು "ಮಾತ್ರೆ ಸರಿಯಾಗಿ ನಡೆದಿದೆಯೇ, ಏನಾದರೂ ತಂದುಕೊಡಬೇಕೇ" ಎಂದು ಕೇಳಿದರೆ ಸಾಕು.