‘ಸೊಲೆಸಿಸಂ’ ಶಬ್ದದ ಪೂರ್ವಚರಿತ್ರೆ

ಇಂಗ್ಲಿಷ್ ಪತ್ರಿಕೆಗಳ ಪದಬಂಧಗಳಲ್ಲಿ ‘ನಾಚಿಕೆಗೀಡುಮಾಡುವ ತಪ್ಪು’ ಎಂಬ ಅರ್ಥದ ಸುಳಿವು ಆಗಾಗ ಕಾಣಿಸಿಕೊಳ್ಳುತ್ತದೆ. ಉತ್ತರವನ್ನು ಅಲ್ಲಿ ನಿರ್ಣಯಿಸುವುದು ಮನೆಗಳ ಸಂಖ್ಯೆ. ಇಂಗ್ಲಿಷ್ ಅಕ್ಷರಗಳಿಗೆ ಐದು ಮನೆಗಳಿದ್ದರೆ ‘ಗ್ಯಾಫ್’, ಏಳಿದ್ದರೆ ‘ಫೋ ಪಾ’, ಎಂಟಿದ್ದರೆ ‘ಸೊಲೆಸಿಸಂ’. (1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಆರ್ಥರ್ ವಿನ್ ಪ್ರಕಟಿಸಿದ ಪದಬಂಧದ ಹೆಸರು ‘ವರ್ಡ್-ಕ್ರಾಸ್’ ಎಂದಿತ್ತು. ಕೆಲವೇ ವಾರಗಳಲ್ಲಿ ಅದು ಹಿಂದುಮುಂದಾಗಿ ‘ಕ್ರಾಸ್-ವರ್ಡ್’ ಆದದ್ದು ಅಚ್ಚುಮನೆಯ ಕೈತಪ್ಪಿನಿಂದ ಎಂದು ಹೇಳುತ್ತಾರೆ.)

ಸುಳಿವು ಒಂದೇ ಆದರೂ ಈ ಶಬ್ದಗಳು ಸಮಾನವಲ್ಲ. ‘ಫೋ ಪಾ’ ಎಂದರೆ ಫ್ರೆಂಚಿನಲ್ಲಿ ತಪ್ಪುಹೆಜ್ಜೆ. ನಮ್ಮ ‘ಸ್ಖಲನ’ದಲ್ಲಿಯೂ ಕಾಲು ಜಾರಿದ ಭಾವವೇ ಇದೆ. ಇಲ್ಲಿ ಎಡವಿದವನು ಒಬ್ಬ ವ್ಯಕ್ತಿ. ‘ಸೊಲೆಸಿಸಂ’ ಎಂಬುದಾದರೋ ಒಂದು ಊರಿನ ಮೇಲೆ ಹೊರಿಸಿದ ಆರೋಪ. ಇತಿಹಾಸದ ವಿದ್ಯಾರ್ಥಿಗಳು ಪರಿಶೀಲಿಸಬೇಕಾದ ಅಂಶ ಇದೇ.

ಆ ಊರು ಸೊಲೊಯ್. ಇಂದಿನ ತುರ್ಕಿಯ ದಕ್ಷಿಣ ತೀರದಲ್ಲಿ, ಮೆರ್ಸಿನ್ ನಗರದ ಬಳಿ, ಪ್ರಾಚೀನ ಸಿಲಿಶಿಯ ಪ್ರಾಂತದಲ್ಲಿ ಇದ್ದ ಗ್ರೀಕರ ವಸಾಹತು. ಅಥೆನ್ಸಿನ ಶಾಸನಕರ್ತ ಸೋಲನ್ ಇದನ್ನು ಸ್ಥಾಪಿಸಿದನೆಂದೂ, ಅವನು ನೆಲೆಗೊಳಿಸಿದ ಅಥೆನ್ಸಿನವರು ಕಾಲಕ್ರಮೇಣ ಶುದ್ಧವಾದ ಮಾತನ್ನು ಕಳೆದುಕೊಂಡುದರಿಂದ ಈ ಶಬ್ದ ಹುಟ್ಟಿತೆಂದೂ ಡಯೋಜಿನಿಸ್ ಲೇರ್ಷಿಯಸ್ ಬರೆದಿದ್ದಾನೆ. ಅವನಿಗಿಂತ ಸುಮಾರು ಎರಡು ಶತಮಾನ ಹಿಂದಿನವನೂ ಏಷ್ಯಾ ಮೈನರಿನಲ್ಲಿಯೇ ಹುಟ್ಟಿದವನೂ ಆದ ಭೂಗೋಳಕಾರ ಸ್ಟ್ರೇಬೊ ಹೇಳುವುದು ಬೇರೆ. ಊರನ್ನು ಕಟ್ಟಿದವರು ಅಕೀಯರು ಮತ್ತು ರೋಡ್ಸ್ ದ್ವೀಪದ ಲಿಂಡಸಿನವರು. ಶಬ್ದವು ಈ ಊರಿನಿಂದಲೇ ಬಂದಿತೋ ಬೇರೆ ರೀತಿಯಲ್ಲಿ ಹುಟ್ಟಿತೋ ಎಂಬುದನ್ನು ಅವನು ನಿರ್ಣಯಿಸದೆ ಬಿಟ್ಟಿದ್ದಾನೆ. ನಮಗೆ ಸ್ಟ್ರೇಬೊವಿನ ಸಂಕೋಚವೇ ಹೆಚ್ಚು ವಿಶ್ವಾಸಾರ್ಹವಾಗಿ ತೋರುತ್ತದೆ. ಸೋಲನ್ನನ ಕಥೆಯು ಹೆಸರಿನ ಸಾಮ್ಯದಿಂದ ಕಟ್ಟಿದ್ದೆಂಬುದು ಮೇಲುನೋಟಕ್ಕೇ ತಿಳಿಯುತ್ತದೆ. ಆದರೂ ನಿಘಂಟುಗಳು ಇಂದಿಗೂ ಸೊಲೊಯ್ ನಗರವನ್ನೇ ಹೆಸರಿಸುತ್ತವೆ.

ಈ ಊರಿನ ಭಾಷೆ ನಿಜವಾಗಿ ಎಷ್ಟು ಕೆಟ್ಟಿತ್ತು? ಸ್ಟ್ರೇಬೊ ಕೊಡುವ ಪಟ್ಟಿಯನ್ನೇ ನೋಡೋಣ. ಸ್ಟೋಯಿಕ್ ದರ್ಶನಕ್ಕೆ ವ್ಯವಸ್ಥಿತ ರೂಪ ಕೊಟ್ಟ ಕ್ರಿಸಿಪಸ್ ಅಲ್ಲಿಯವನು. ನಕ್ಷತ್ರಗಳನ್ನು ಕುರಿತು ‘ಫೈನಾಮೆನಾ’ ಎಂಬ ಕಾವ್ಯವನ್ನು ರಚಿಸಿದ ಅರೇಟಸ್ ಅಲ್ಲಿಯವನು. ಆ ಕಾವ್ಯವನ್ನು ಲ್ಯಾಟಿನಿಗೆ ತಂದವರಲ್ಲಿ ಸಿಸಿರೊ ಒಬ್ಬ. ಅಥೆನ್ಸಿನ ರಂಗಭೂಮಿಯಲ್ಲಿಯೇ ಮಿನ್ಯಾಂಡರನನ್ನು ಸ್ಪರ್ಧೆಯಲ್ಲಿ ಸೋಲಿಸಿದ ಪ್ರಹಸನಕಾರ ಫಿಲೆಮನ್ ಕೂಡ ಸೊಲೊಯಿನವನೆಂದೇ ಅವನು ಎಣಿಸುತ್ತಾನೆ. ಯಾರ ಮಾತನ್ನು ಅಥೆನ್ಸ್ ಹಾಸ್ಯಮಾಡಿತೆಂದು ಕಥೆಯಿದೆಯೋ ಅವರ ಊರಿನವನಿಗೇ ಅದು ಬಹುಮಾನವನ್ನೂ ಕೊಟ್ಟಿತು!

ವೈಯಾಕರಣರು ಒಂಟಿಪದದ ದೋಷವನ್ನು ‘ಬಾರ್ಬರಿಸಂ’ ಎಂದೂ, ವಾಕ್ಯರಚನೆಯ ದೋಷವನ್ನು ‘ಸೊಲೆಸಿಸಂ’ ಎಂದೂ ವಿಂಗಡಿಸಿದರು. ಇಂಗ್ಲಿಷಿಗೆ ಬಂದ ಮೇಲೆ ಅದು ನಡೆನುಡಿಯ ತಪ್ಪಿಗೂ ವ್ಯಾಪಿಸಿತು. ಪದಬಂಧದ ಸುಳಿವಿಗೆ ಒದಗಿದ್ದು ಈ ಸಡಿಲವಾದ ಅರ್ಥ.

ಕನ್ನಡದ ಓದುಗರಿಗೆ ಈ ಸಂಗತಿ ಅಪರಿಚಿತವೇನಲ್ಲ. ‘ಕವಿರಾಜಮಾರ್ಗ’ವು ಕಿಸುವೊಳಲು, ಕೊಪಣ, ಪುಲಿಗೆರೆ, ಒಂಕುಂದಗಳ ನಡುವಿನ ನಾಡಿನಲ್ಲಿ ಕನ್ನಡದ ತಿರುಳನ್ನು ಕಂಡಿತು. ನಮ್ಮ ಆಲಂಕಾರಿಕರು ಕಾವ್ಯದೋಷವೊಂದನ್ನು ‘ಗ್ರಾಮ್ಯ’ವೆಂದು ಕರೆದರು. ಅಲ್ಲಿ ಅಪವಾದ ಹೊತ್ತದ್ದು ಹಳ್ಳಿಗಳೆಲ್ಲ; ಸಿಲಿಶಿಯದಲ್ಲಿ ಹೊತ್ತದ್ದು ಒಂದೇ ಊರು. ಕ್ರಿ. ಪೂ. 67ರಲ್ಲಿ ಕಡಲ್ಗಳ್ಳರನ್ನು ಅಡಗಿಸಿದ ಮೇಲೆ ಪಾಂಪೆ ಉಳಿದವರನ್ನು ಅಲ್ಲಿ ನೆಲೆಗೊಳಿಸಿ, ಊರಿಗೆ ಪಾಂಪಿಯೊಪೊಲಿಸ್ ಎಂದು ತನ್ನ ಹೆಸರನ್ನಿಟ್ಟನು. ಶಬ್ದ ಮಾತ್ರ ಹಳೆಯ ಹೆಸರಿನಲ್ಲಿಯೇ ಉಳಿಯಿತು.