ಮೋಟಾರು ದೋಣಿಯ ಗೇರ್ ಕೇಬಲ್ ಬದಲಿಸುವ ಕ್ರಮ

ನಮ್ಮ ವಾಚನಾಲಯಕ್ಕೆ ಸಂಜೆ ಬರುವವರಲ್ಲಿ ಅಂಕೋಲೆ ಕಡೆಯ ತರುಣರೊಬ್ಬರುಂಟು. ದೋಣಿ ದುರಸ್ತಿಯ ಷೆಡ್ಡೊಂದರಲ್ಲಿ ಅವರಿಗೆ ಕೆಲಸ. ಒಂದು ದಿನ ಇಂಗ್ಲಿಷ್ ಕೈಪಿಡಿಯೊಂದನ್ನು ಹಿಡಿದು ಬಂದರು. "ಅಣ್ಣಾ, ಹೊಸ ಕೇಬಲ್ ಹಾಕಿಯೂ ಗೇರ್ ಬಿಗಿಯಾಗಿಯೇ ಇದೆ. ನಿನ್ನೆ ಜೆಟ್ಟಿಗೆ ಬರುವಾಗ ರಿವರ್ಸ್ ಬೀಳದೆ ದೋಣಿ ಕಲ್ಲಿಗೆ ತಾಗಿತು. ತಪ್ಪು ನನ್ನ ಮೇಲೆ ಬಂದಿದೆ. ಇದರಲ್ಲಿ ಏನು ಬರೆದಿದೆ, ಓದಿ ಹೇಳಿ" ಎಂದರು. ಪುಣ್ಯಕ್ಕೆ ಯಾರಿಗೂ ಪೆಟ್ಟಾಗಿರಲಿಲ್ಲ. ಗಿರಣಿಯ ಲೆಕ್ಕ ಬರೆಯುವ ನನಗೆ ಯಂತ್ರವಿದ್ಯೆ ಬಾರದು. ಆದರೂ ಮೂರು ಸಂಜೆ ಕೂತು ಓದಿದೆವು. ನಾನು ಓದಿದ್ದಕ್ಕೆ ಅವರು ಕೈಯಲ್ಲಿ ಕಂಡದ್ದು ಸೇರಿ ತಿಳಿದುಬಂದುದನ್ನು ಇಲ್ಲಿ ಬರೆದಿದ್ದೇನೆ.

ಮೊದಲು ಯಂತ್ರದ ಪರಿಚಯ. ಎಂಜಿನ್ ದೋಣಿಯ ಒಳಗೆ, ಹಿಂಗೋಡೆಗೆ ಹತ್ತಿರವಾಗಿ ಇರುತ್ತದೆ. ಗೇರು ಮತ್ತು ಪ್ರೊಪೆಲರ್ ಇರುವ ಕಾಲು ಅದೇ ಗೋಡೆಯ ಹೊರಗೆ ನೀರಿನಲ್ಲಿರುತ್ತದೆ. ಈ ಏರ್ಪಾಟಿಗೆ ಸ್ಟರ್ನ್‌ಡ್ರೈವ್ ಎನ್ನುತ್ತಾರೆ. ಅಮೆರಿಕದ ಎಂಜಿನಿಯರ್ ಜಿಮ್ ವಿನ್ ಅವರ ಯೋಜನೆಯಂತೆ ಸ್ವೀಡನ್ನಿನ ವೋಲ್ವೊ ಪೆಂಟಾ ಕಂಪನಿಯವರು 1959ರಲ್ಲಿ ಇದನ್ನು ಆಕ್ವಾಮ್ಯಾಟಿಕ್ ಎಂಬ ಹೆಸರಿನಿಂದ ಹೊರತಂದರು. ಅಮೆರಿಕದ ಮರ್ಕ್ರೂಸರ್ 1961ರಲ್ಲಿ ಬಂತು. ಮುಂದೆ ಹೇಳುವುದು ಮರ್ಕ್ರೂಸರಿನ ಆಲ್ಫಾ ಎಂಬ ಮಾದರಿಯ ವಿಚಾರ.

ಇದರಲ್ಲಿ ಗೇರಿನ ಕೇಬಲ್ ಒಂದಲ್ಲ, ಎರಡು. ಚಾಲಕನ ಕೈಹಿಡಿಯಿಂದ ಎಂಜಿನ್ ಮೇಲಿನ ಗೇರ್ ತಟ್ಟೆಯವರೆಗೆ ಒಂದು. ಆ ತಟ್ಟೆಯಿಂದ ಹಿಂಗೋಡೆಯನ್ನು ದಾಟಿ ಹೊರಗಿನ ಕಾಲಿನವರೆಗೆ ಇನ್ನೊಂದು. ಸೈಕಲ್ ಬ್ರೇಕಿನ ಕೇಬಲ್ ಹಾಗೆಯೇ ಇದಕ್ಕೂ ಹೊರಗೆ ಕವಚ, ಒಳಗೆ ತಂತಿ. ಸೈಕಲ್ಲಿನ ತಂತಿ ಎಳೆಯುವುದಷ್ಟೇ. ಇದಾದರೋ ಎಳೆಯಲೂ ಬೇಕು, ತಳ್ಳಲೂ ಬೇಕು. ಕವಚ ಸೀಳಿ ನೀರು ಹೊಕ್ಕರೆ ತಂತಿಗೆ ತುಕ್ಕು ಹಿಡಿದು ಓಡಾಟ ಬಿಗಿಯಾಗುತ್ತದೆ. ನೀರಿನ ಕಡೆಗಿರುವ ಎರಡನೆಯದು ಬೇಗ ಕೆಡುವುದು ಸಹಜ. ಆದ್ದರಿಂದ ಪರೀಕ್ಷೆಯಿಲ್ಲದೆ ಅದನ್ನೇ ಬದಲಿಸುವ ರೂಢಿಯೂ ಬೆಳೆದಿದೆ.

ಇನ್ನೊಂದು ಲಕ್ಷಣವುಂಟು. ಗೇರಿನಿಂದ ನ್ಯೂಟ್ರಲ್‌ಗೆ ತರುವಾಗ ಎಂಜಿನ್ ನಿಂತುಹೋಗುತ್ತದೆ. ಗೇರಿನ ಹಲ್ಲುಗಳು ಸಡಿಲವಾಗಲೆಂದು ಒಂದು ಸ್ವಿಚ್ಚು ಎಂಜಿನ್ನಿನ ಕಿಡಿಯನ್ನು ಕ್ಷಣಮಾತ್ರ ತಡೆಯುವ ವ್ಯವಸ್ಥೆ ಅಲ್ಲಿದೆ. ಕೇಬಲ್ ಬಿಗಿಯಾದರೆ ಆ ಸ್ವಿಚ್ಚು ಒತ್ತಿಕೊಂಡೇ ಉಳಿದು ಎಂಜಿನ್ ಆರುತ್ತದೆ. ಆಗ ಸ್ವಿಚ್ಚನ್ನು ತೆಗೆದುಹಾಕುವುದಾಗಲಿ, ಎಂಜಿನ್ನಿನ ವೇಗ ಹೆಚ್ಚಿಸುವುದಾಗಲಿ ರೋಗವನ್ನು ಮುಚ್ಚಿಟ್ಟಂತೆ.

ದೋಷ ಎಲ್ಲಿದೆಯೆಂದು ತಿಳಿಯುವ ಬಗೆ ಸುಲಭ. ಎಂಜಿನ್ ನಿಲ್ಲಿಸಿ ಚಾವಿಯನ್ನು ಕಿಸೆಗೆ ಹಾಕಿಕೊಳ್ಳಿ. ಮೊದಲನೆಯ ಕೇಬಲನ್ನು ಗೇರ್ ತಟ್ಟೆಯಿಂದ ಬಿಡಿಸಿ ಕೈಹಿಡಿ ಆಡಿಸಿ. ಇನ್ನೂ ಬಿಗಿಯಾಗಿದ್ದರೆ ದೋಷ ಆ ಕೇಬಲಿನದು ಅಥವಾ ಕೈಹಿಡಿಯ ಪೆಟ್ಟಿಗೆಯದು. ಅದು ಹಗುರವಾಗಿ ಆಡಿದರೆ ಎರಡನೆಯದನ್ನು ತಟ್ಟೆಯ ಬಳಿ ಕೈಯಿಂದ ಆಡಿಸಿ. ಜೊತೆಗಾರನೊಬ್ಬ ಹೊರಗೆ ಪ್ರೊಪೆಲರ್ ತಿರುಗಿಸುತ್ತಿರಬೇಕು, ಇಲ್ಲವಾದರೆ ಗೇರಿನ ಹಲ್ಲು ಹಲ್ಲಿಗೆ ಕೂರದು. ಅದು ಬಿಗಿಯೆಂದು ಕಂಡರೆ ಹೊರಗಿನ ಕಾಲು ಬಿಚ್ಚಿದ ಮೇಲೆ ಮತ್ತೊಮ್ಮೆ ನೋಡಿ. ಆಗ ಸಲೀಸಾಗಿ ಆಡಿದರೆ ಕೇಬಲ್ ನಿರಪರಾಧಿ, ದೋಷ ಕಾಲಿನೊಳಗಿದೆ.

ಎರಡನೆಯದನ್ನು ಬದಲಿಸಲೇಬೇಕೆಂದಾದರೆ ಕ್ರಮ ಹೀಗೆ. ಕೈಹಿಡಿಯನ್ನು ಮುಂದಿನ ಗೇರಿಗೆ ಹಾಕಿ, ಕಾಲಿಗೆ ಆಧಾರ ಕೊಟ್ಟು, ಅದನ್ನು ಹಿಡಿದಿರುವ ಆರು ನಟ್ಟುಗಳನ್ನು ಬಿಚ್ಚಿ ಹಿಂದಕ್ಕೆ ಎಳೆಯತಕ್ಕದ್ದು. ಅದು ಒಬ್ಬನಿಂದ ಎತ್ತುವ ಭಾರವಲ್ಲ. ಒಳಗೆ ತಟ್ಟೆಯ ತುದಿಯನ್ನು ಬಿಡಿಸಿ, ಹಳೆಯ ಕೇಬಲ್ ಹೋದ ದಾರಿಯನ್ನು ಗುರುತಿಟ್ಟುಕೊಂಡು, ಹೊರಗಡೆಯಿಂದ ಅದನ್ನು ಎಳೆದು ತೆಗೆಯಬೇಕು. ಹೊಸದನ್ನೂ ಹೊರಗಿನಿಂದಲೇ ಒಳಕ್ಕೆ ತೂರಿಸುವುದು. ಎಲ್ಲಿಯೂ ಮುರುಟದಂತೆ ದೊಡ್ಡ ಬಳಸಿನಲ್ಲಿ ಒಯ್ಯಬೇಕು. ತಟ್ಟೆಯ ಬಳಿ ತುದಿಯನ್ನು ಕೂರಿಸುವಾಗ ಕಣ್ಣಳತೆ ಸಲ್ಲದು; ಆಯಾ ಮಾದರಿಯ ಕೈಪಿಡಿಯಲ್ಲಿ ಕೊಟ್ಟ ಅಳತೆಯನ್ನೇ ಹಿಡಿಯಬೇಕು. ಅಳತೆ ತಪ್ಪಿದರೆ ಗೇರಿನ ಹಲ್ಲು ಅರ್ಧವೇ ಕೂತು ಸವೆಯುತ್ತದೆ.

ಇಲ್ಲಿ ಮರೆಯಬಾರದ ಮಾತೊಂದಿದೆ. ಈ ಕೇಬಲ್ ದಾಟುವ ತೂತು ದೋಣಿಯ ಮೈಯಲ್ಲಿರುವ ತೂತು. ಅದಕ್ಕೆ ಮಡಿಕೆಮಡಿಕೆಯಾದ ರಬ್ಬರಿನ ಕೊಳವೆಯೊಂದು ಕಾವಲು. ಅದು ಹರಿದರೆ ಸಮುದ್ರ ಒಳಗೆ ಬರುತ್ತದೆ. ಆದಕಾರಣ ಕೇಬಲ್ ಜೊತೆಗೆ ರಬ್ಬರನ್ನೂ ಕಾಲಿನ ಗ್ಯಾಸ್ಕೆಟ್ಟನ್ನೂ ಹೊಸದು ಹಾಕುವುದೇ ಲೇಸು. ಹಳೆಯ ರಬ್ಬರಿನಲ್ಲಿ ಉಳಿಸಿದ ಹಣ ದೋಣಿ ಎತ್ತುವುದಕ್ಕೆ ಸಾಲದು.

ಕಾಲನ್ನು ಮತ್ತೆ ಜೋಡಿಸಿದ ಮೇಲೆ ಪರೀಕ್ಷೆ. ಎಂಜಿನ್ ಆರಿಸಿರುವಾಗಲೇ ಮುಂದೆ, ನ್ಯೂಟ್ರಲ್, ಹಿಂದೆ ಎಂದು ಹಾಕಿ ನೋಡಿ. ನ್ಯೂಟ್ರಲ್‌ನಲ್ಲಿ ಪ್ರೊಪೆಲರ್ ಕೈಗೆ ಎರಡೂ ಕಡೆ ಸಲೀಸಾಗಿ ತಿರುಗಬೇಕು. ನೆಲದ ಮೇಲೆ ನೀರಿನ ಏರ್ಪಾಟಿಲ್ಲದೆ ಎಂಜಿನ್ ಚಾಲೂ ಮಾಡಬಾರದು. ಕಾಲಿನೊಳಗಿನ ನೀರಿನ ಪಂಪಿನ ರಬ್ಬರು ಸುಟ್ಟುಹೋಗುತ್ತದೆ. ದೋಣಿಯನ್ನು ನೀರಿಗೆ ಇಳಿಸಿದ ಕೂಡಲೇ ಬಿಡದೆ, ಹಗ್ಗದಿಂದ ಕಟ್ಟಿ, ಎಂಜಿನ್ ಮುಚ್ಚಳ ತೆರೆದು ಹಿಂಗೋಡೆಯ ಬಳಿ ನೀರು ಜಿನುಗುವುದೋ ಎಂದು ಸಾಕಷ್ಟು ಹೊತ್ತು ನೋಡಬೇಕು. ಬಳಿಕ ಕಟ್ಟಿದಂತೆಯೇ ಗೇರ್ ಹಾಕಿ ನೋಡಿ, ಆಮೇಲೆ ಬಿಡಿ.

ನಮ್ಮ ತರುಣರ ಕಥೆ ಹೇಗಾಯಿತು? ನಾಲ್ಕನೆಯ ದಿನ ಅವರು ಷೆಡ್ಡಿನಲ್ಲಿ ಎಲ್ಲರೆದುರಿಗೆ ಮೊದಲನೆಯ ಕೇಬಲನ್ನು ಬಿಡಿಸಿ ಕೈಹಿಡಿ ಆಡಿಸಿದರು. ಬಿಗಿ ಅಲ್ಲಿಯೇ ಇತ್ತು! ಅವರು ಹಾಕಿದ ಹೊಸ ಕೇಬಲಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಯಾವುದು ಕೆಟ್ಟಿದೆಯೆಂದು ನೋಡದೆ ಇದನ್ನೇ ಹಾಕೆಂದವರು ಬೇರೆ. ಅವರ ಮೇಲಿನ ಮಾತು ಅಂದೇ ನಿಂತಿತು. ಈಗ ಆ ಕೈಪಿಡಿಯನ್ನು ತಾವೇ ಬೆರಳಿಟ್ಟು ಓದಲು ಕಲಿಯುತ್ತಿದ್ದಾರೆ. ನಿಮ್ಮಲ್ಲಿಯೂ ಯಾರಿಗಾದರೂ ಕೆಲಸದ ಕಾಗದ ಓದಿಸಬೇಕಾಗಿದ್ದರೆ ಸಂಕೋಚಪಡದೆ ತನ್ನಿರಿ. ವಾಚನಾಲಯ ಇರುವುದು ಅದಕ್ಕೇ.