ಲಗ್ಗೆರೆಯಿಂದ ಅಮೆರಿಕ ಎಷ್ಟು ದೂರ?

ಗೋಡೆಯ ಭೂಪಟದಲ್ಲಿ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಗೆರೆ ಎಳೆಯಿರಿ ಎಂದರೆ ನಮ್ಮಲ್ಲಿ ಬಹಳ ಜನ ಸ್ಕೇಲ್ ಇಟ್ಟು ಅರಬ್ಬಿ ಸಮುದ್ರ, ಆಫ್ರಿಕಾ, ಅಟ್ಲಾಂಟಿಕ್ ದಾಟಿಸಿಬಿಡುತ್ತೇವೆ. ಆದರೆ ಹತ್ತಿರದ ದಾರಿ ಅದಲ್ಲ. ಅದು ಉತ್ತರ ಧ್ರುವದ ಕಡೆಗೆ ಬಾಗಿ ಹಾದುಹೋಗುತ್ತದೆ.

ಗ್ಲೋಬ್ ಇದ್ದರೆ ದಾರ ಹಿಡಿದು ನೋಡಿ. ಇಲ್ಲದಿದ್ದರೆ ಲೆಕ್ಕವೇ ಸಾಕು. ಬೆಂಗಳೂರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ; ಇಲ್ಲಿಂದ ಧ್ರುವಕ್ಕೆ 77 ಡಿಗ್ರಿ. ಸ್ಯಾನ್ ಫ್ರಾನ್ಸಿಸ್ಕೊ ಸುಮಾರು 38. ಧ್ರುವದಿಂದ ಅಲ್ಲಿಗೆ 52 ಡಿಗ್ರಿ. ಒಟ್ಟು 129. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಎಂದರೆ 14,300 ಕಿ.ಮೀ. ಆಯಿತು. ಎರಡೂ ಊರು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಬದಿಯಲ್ಲಿರುವುದರಿಂದ ನಿಜವಾದ ಹತ್ತಿರದ ದೂರವೂ ಇದರ ಆಸುಪಾಸಿನಲ್ಲೇ, ಸುಮಾರು 14,000 ಕಿ.ಮೀ. ಇದೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರಿಗೆ ‘ಮಹಾವೃತ್ತ’ ಅರ್ಥವಾಗಲು ಇದಕ್ಕಿಂತ ಒಳ್ಳೆಯ ಉದಾಹರಣೆ ಬೇಕಿಲ್ಲ.

ಉತ್ತರ ಧ್ರುವದ ದಾರಿಯಲ್ಲಿ 2021ರ ಜನವರಿಯಲ್ಲಿ ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದ ನಾಲ್ವರು ಮಹಿಳಾ ಪೈಲಟ್‌ಗಳು ಏರ್ ಇಂಡಿಯಾದ ಬೋಯಿಂಗ್ 777 ವಿಮಾನವನ್ನು ಎಲ್ಲೂ ನಿಲ್ಲಿಸದೆ ಬೆಂಗಳೂರಿಗೆ ತಂದರು. 9ರ ರಾತ್ರಿ ಎಂಟೂವರೆಗೆ ಹೊರಟದ್ದು, ಇಳಿದದ್ದು 11ರ ಬೆಳಗಿನ ಜಾವ ಮೂರು ದಾಟಿದ ಮೇಲೆ. ಕ್ಯಾಲೆಂಡರ್ ನೋಡಿದರೆ 30 ಗಂಟೆಗೂ ಹೆಚ್ಚು. ಎರಡು ಊರುಗಳ ಗಡಿಯಾರದ ಹದಿಮೂರೂವರೆ ಗಂಟೆ ವ್ಯತ್ಯಾಸ ಕಳೆದರೆ ಹಾರಾಟ ಸುಮಾರು 17 ಗಂಟೆ.

ನನ್ನ ಅಕ್ಕನಿಗೆ ಆ ಕಡೆ ಕೆಲಸ ಸಿಕ್ಕಾಗ ಈ ಲೆಕ್ಕವನ್ನೆಲ್ಲ ಅಮ್ಮನಿಗೆ ಒಪ್ಪಿಸಿದೆ. ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ದುಡಿಯುವ ಅಮ್ಮನಿಗೆ ಬೇಕಿದ್ದದ್ದು ಬೇರೆ. ಅಕ್ಕನನ್ನು ಸಾಕಿ ಬೆಳೆಸಿದ ಅಜ್ಜಿಗೆ ಎಂಬತ್ತು ದಾಟಿದೆ. “ಅಜ್ಜಿಗೇನಾದ್ರೂ ಆದ್ರೆ ಇವಳು ಎಷ್ಟು ಹೊತ್ತಿಗೆ ಬಂದು ಸೇರ್ತಾಳೆ ಹೇಳು” ಎಂದರು. ಟಿಕೆಟ್ ಸಿಗಬೇಕು, ಮೂರು ಗಂಟೆ ಮೊದಲೇ ಏರ್‌ಪೋರ್ಟ್ ತಲುಪಬೇಕು, ನೇರ ವಿಮಾನ ಸಿಗದಿದ್ದರೆ ನಡುವೆ ಇಳಿದು ಬದಲಿಸಬೇಕು, ದೇವನಹಳ್ಳಿಯಿಂದ ಟ್ರಾಫಿಕ್ ದಾಟಿ ಲಗ್ಗೆರೆಗೆ ಬರಬೇಕು. “ಎರಡು ದಿನ ಇಟ್ಕೋ ಅಮ್ಮಾ” ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡು ದಿನ ತಾನೆ, ಕಾಯ್ತೀವಿ ಬಿಡು. ಹೋಗಿಬರಲಿ” ಎಂದರು.

ವಿದೇಶದ ಕೆಲಸಕ್ಕೆ ಅರ್ಜಿ ಹಾಕುತ್ತಿರುವ ಗೆಳೆಯರು ಸಂಬಳ, ವೀಸಾ ಜೊತೆಗೆ ಈ ಲೆಕ್ಕವನ್ನೂ ಹಾಕಿಕೊಳ್ಳಿ. ಸಂದರ್ಶನದ ಸಮಯ ನೋಡುವಾಗಲೂ ಎಚ್ಚರವಿರಲಿ: ಮಾರ್ಚ್‌ನಿಂದ ನವೆಂಬರ್‌ವರೆಗೆ ಅವರು ಗಡಿಯಾರ ಒಂದು ಗಂಟೆ ಮುಂದಿಡುವುದರಿಂದ ವ್ಯತ್ಯಾಸ ಹನ್ನೆರಡೂವರೆ ಗಂಟೆಗೆ ಇಳಿಯುತ್ತದೆ. ಜನವರಿಯಲ್ಲಿ ಅವರ ಬೆಳಿಗ್ಗೆ 10 ಎಂದರೆ ನಮಗೆ ರಾತ್ರಿ ಹನ್ನೊಂದೂವರೆ, ಜೂನ್‌ನಲ್ಲಿ ಹತ್ತೂವರೆ. ಮತ್ತೆ, ಮನೆಯವರು ಎಷ್ಟು ದೂರ ಎಂದು ಕೇಳಿದರೆ ಕಿಲೋಮೀಟರ್ ಹೇಳಬೇಡಿ. ಎಷ್ಟು ಹೊತ್ತಿನಲ್ಲಿ ಬಂದು ಮುಟ್ಟುತ್ತೀರಿ ಎಂದು ಹೇಳಿ.